ಅಪ್ಪನ ಪಾಲಿಗೆ ಉಳಿದ ಕ್ಲಚ್ಚು

ಲೋಕದಲ್ಲಿ ಮನೆ ಪಾಲಾಗುತ್ತದೆ, ಹೊಲ ಪಾಲಾಗುತ್ತದೆ, ಪಾತ್ರೆ ಪೆಟ್ಟಿಗೆಗಳು ಪಾಲಾಗುತ್ತವೆ. ಮೇಸ್ತ್ರಿ ಮಾತ್ರ ತಮ್ಮ ಮೂರು ಗಂಡುಮಕ್ಕಳಿಗೆ ಕಾರನ್ನು ಪಾಲು ಮಾಡಿಕೊಟ್ಟಿದ್ದರು. ಯಾವುದೋ ಒಂದು ಕಾರನ್ನಲ್ಲ, ಅವರ ರಿಪೇರಿ ಶೆಡ್ಡಿಗೆ ಬರುವ ಎಲ್ಲ ಕಾರುಗಳನ್ನೂ, ಇನ್ನೂ ಕಾರ್ಖಾನೆಯಲ್ಲಿ ಹುಟ್ಟದೇ ಇರುವವನ್ನೂ ಸೇರಿಸಿ. ಇಂಜಿನ್ನು ದೊಡ್ಡವನದು. ಗೇರ್‌ಬಾಕ್ಸಿನಿಂದ ಹಿಡಿದು ಹಿಂದಿನ ಚಕ್ರದ ತನಕ ನಡುವಿನವನದು. ಬ್ರೇಕು, ಸ್ಟೇರಿಂಗು, ವೈರಿಂಗು ಚಿಕ್ಕವನದು. ಶೆಡ್ಡಿನ ನೆಲದ ಮೇಲೆ ಹಳದಿ ಬಣ್ಣದಲ್ಲಿ ಗೆರೆ ಎಳೆಸಿ, ಒಬ್ಬೊಬ್ಬನಿಗೆ ಒಂದೊಂದು ಅಂಕಣ ಬಿಟ್ಟುಕೊಟ್ಟಿದ್ದರು.

ಒಬ್ಬನ ಸ್ಪ್ಯಾನರನ್ನು ಇನ್ನೊಬ್ಬ ಮುಟ್ಟಿದ ಅನ್ನುವಲ್ಲಿಂದ ಶುರುವಾದ ಜಗಳ, ಒಬ್ಬನ ಹೆಂಡತಿ ಇನ್ನೊಬ್ಬನ ಹೆಂಡತಿಯನ್ನು ನೋಡಿ ನಕ್ಕಳು ಅನ್ನುವಲ್ಲಿಗೆ ಬಂದು ಮುಟ್ಟಿದಾಗ, ಮೇಸ್ತ್ರಿ ಒಂದು ಹಳೇ ಕಾರಿನ ಬಾನೆಟ್ ತೆಗೆದು, ಮೂವರನ್ನೂ ಸುತ್ತ ನಿಲ್ಲಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಈ ನ್ಯಾಯ ತೀರ್ಮಾನ ಮಾಡಿದ್ದು. ಅದರ ಬಗ್ಗೆ ಅವರಿಗಿದ್ದ ಜಂಬ ಅಷ್ಟಿಷ್ಟಲ್ಲ. ಟೀ ಅಂಗಡಿಯಲ್ಲಿ ಕೂತರೆ ಸಾಕು, "ನಮ್ಮನೇಲೂ ಪಾಲಾಯ್ತಪ್ಪ, ಇವತ್ತಿನ ತನಕ ಮಕ್ಕಳ ಮಧ್ಯೆ ಒಂದು ಮಾತು ಎದ್ದಿಲ್ಲ" ಅನ್ನುತ್ತಿದ್ದರು. ಹೌದು, ಎದ್ದಿರಲಿಲ್ಲ. ಅವರು ಒಬ್ಬರಿಗೊಬ್ಬರು ಮಾತಾಡುವುದನ್ನೇ ಬಿಟ್ಟಿದ್ದರಲ್ಲ, ಮಾತು ಎಲ್ಲಿಂದ ಏಳಬೇಕು? ದೊಡ್ಡವನಿಗೆ ಚಿಕ್ಕವನಿಂದ ಏನಾದರೂ ಆಗಬೇಕಿದ್ದರೆ "ಅಪ್ಪ, ಬ್ಯಾಟರಿ ವೈರ್ ಬಿಚ್ಚಬೇಕು, ಅವನಿಗೆ ಹೇಳಿ" ಅನ್ನುತ್ತಿದ್ದ. ಚಿಕ್ಕವನು ಮಾರು ದೂರದಲ್ಲೇ ಕೂತಿರುತ್ತಿದ್ದ, ಎಲ್ಲವೂ ಕೇಳಿಸಿರುತ್ತಿತ್ತು. ಆದರೂ ಮೇಸ್ತ್ರಿ ಆ ಮಾತನ್ನು ಅವನ ಕಡೆಗೆ ತಿರುಗಿ ಇನ್ನೊಂದು ಸಲ ಹೇಳಬೇಕು, ಆಮೇಲೆಯೇ ಅವನ ಕೈ ಏಳುವುದು.

ಪಾಲು ಮಾಡುವಾಗ ಯಾವ ಅಪ್ಪನೂ ತನಗಂತ ಏನಾದರೂ ಇಟ್ಟುಕೊಳ್ಳದೆ ಇರುವುದಿಲ್ಲ. ಮೇಸ್ತ್ರಿ ಕ್ಲಚ್ಚನ್ನು ಇಟ್ಟುಕೊಂಡಿದ್ದರು. ಪೆಡಲ್ಲಿನಿಂದ ಹಿಡಿದು, ಅದರ ಸಿಲಿಂಡರು, ಎಣ್ಣೆ ಹರಿಯುವ ಪೈಪು, ಕೊನೆಗೆ ಪ್ಲೇಟಿನ ತನಕ ಎಲ್ಲ ಅವರದೇ. ಶೆಡ್ಡಿನ ನಟ್ಟನಡುವೆ ಒಂದು ಕುರ್ಚಿ, ಅದರ ಸುತ್ತ ಒಂದು ಚೌಕ ಹಳದಿ ಗೆರೆ. "ನನ್ನ ಎಡಗಾಲು ಇರೋ ತನಕ ಕ್ಲಚ್ ನಂದು" ಅಂತ ಅವತ್ತು ಮೀಸೆ ತಿರುವಿ ಹೇಳಿದ್ದರು. ಹೇಳುವಾಗ ಎಡಗಾಲೂ ಚೆನ್ನಾಗಿತ್ತು.

ಈಗ ಆ ಕಾಲೇ ಕೈಕೊಟ್ಟಿತ್ತು. ಎಡ ಮೊಣಕಾಲು ಊದಿಕೊಂಡು, ಮೆಟ್ಟಿಲು ಇಳಿಯುವಾಗ ಜೀವ ಹೋಗಿ ಬರುತ್ತಿತ್ತು. ಕ್ಲಚ್ ಕೆಲಸ ಬಂದರೆ ಮೇಸ್ತ್ರಿ ಗಿರಾಕಿಯ ಬೆನ್ನು ತಟ್ಟಿ, "ಇನ್ನೂ ಗಟ್ಟಿ ಇದೆ ಸ್ವಾಮಿ, ಓಡಿಸಿ ಓಡಿಸಿ" ಅಂತ ಸಾಗಹಾಕುವುದನ್ನು ಮಕ್ಕಳು ಗಮನಿಸಿದ್ದರು. ಈ ಒಂದು ವಿಷಯದಲ್ಲಿ ಮಾತ್ರ ಮೂವರೂ ಮಾತಾಡಿಕೊಳ್ಳದೆಯೇ ಒಮ್ಮತಕ್ಕೆ ಬಂದಿದ್ದರು: ಅಪ್ಪ ಇನ್ನು ಮನೆಯಲ್ಲಿರಲಿ. ಶೆಡ್ಡಿನ ಹಿಂದೆಯೇ ಇತ್ತು ಆ ಮನೆ, ಎರಡು ಕೋಣೆಯದು. ಮೇಸ್ತ್ರಿಗೆ ಅದು ಸಮುದ್ರದಾಚೆ ಇದ್ದಷ್ಟು ದೂರ ಅನ್ನಿಸುತ್ತಿತ್ತು. ಕುರ್ಚಿಯಿಂದ ಎದ್ದು ಆ ಕೋಣೆಗೆ ಹೋದರೆ, ಮತ್ತೆ ತನ್ನನ್ನು ಯಾರೂ ಏನೂ ಕೇಳುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಆ ಭಯಕ್ಕೆ ಅವರು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಕೂರುತ್ತಿದ್ದರು.

ಅವರ ಹೆಂಡತಿಗೂ ಅದೇ ಭಯ, ಕಾರಣ ಮಾತ್ರ ಬೇರೆ. ಒಮ್ಮೆ ಜ್ವರ ಬಂದು ಮೇಸ್ತ್ರಿ ನಾಲ್ಕು ದಿನ ಮನೆಯಲ್ಲಿದ್ದಾಗ, ಅಡುಗೆಮನೆಯ ಸೌಟುಗಳನ್ನೆಲ್ಲ ಅಳತೆ ಪ್ರಕಾರ ಗೋಡೆಗೆ ನೇತುಹಾಕಿ, ಅವುಗಳ ಹಿಂದೆ ಬಣ್ಣದಲ್ಲಿ ಅವುಗಳ ಆಕಾರ ಬರೆದಿಟ್ಟಿದ್ದರು. ಆಕೆ ಇವತ್ತಿಗೂ ಯಾರಿಗಾದರೂ ಅದನ್ನು ಹೇಳುವಾಗ ಹಣೆ ಚಚ್ಚಿಕೊಳ್ಳುತ್ತಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ವಕೀಲರ ಕಾರು ಬಂತು.

ಅದು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ನಿಲ್ಲುವ ಜಾತಿಯ ಕಾರು. ಐನೂರು ಕುದುರೆಗಳ ಶಕ್ತಿಯಂತೆ. ಊರಿನ ಬೀದಿಗಳಲ್ಲಿ ಎರಡನೇ ಗೇರಿಗೆ ಬೀಳುವಷ್ಟರಲ್ಲಿ ಬೀದಿಯೇ ಮುಗಿದುಹೋಗುತ್ತಿತ್ತು, ಅದು ಬೇರೆ ಮಾತು. ವಕೀಲರು ಪಾಲಿನ ವ್ಯಾಜ್ಯಗಳನ್ನೇ ನಡೆಸುವವರು. ನಾಲ್ಕು ಮನೆಯ ಅಣ್ಣತಮ್ಮಂದಿರು ಸರಿಯಾಗಿ ಕಚ್ಚಾಡಿದರೆ ಇಂಥ ಒಂದು ಕಾರು ಬರುತ್ತದೆ ಅನ್ನುವುದು ಊರಿನವರ ಲೆಕ್ಕ. ಕೊಂಡಾಗಿನಿಂದ ಅದರ ಸರ್ವೀಸೆಲ್ಲ ಮೇಸ್ತ್ರಿಯ ಶೆಡ್ಡಿನಲ್ಲೇ. ಪ್ರತಿ ವರ್ಷ ಕಾರು ದೊಡ್ಡವನ ಗೆರೆಯಿಂದ ನಡುವಿನವನ ಗೆರೆಗೆ, ಅಲ್ಲಿಂದ ಚಿಕ್ಕವನ ಗೆರೆಗೆ ಉರುಳಿಕೊಂಡು ಹೋಗಿ, ಫಳಫಳ ಹೊಳೆಯುತ್ತ ಹೊರಗೆ ಬರುತ್ತಿತ್ತು.

ವಕೀಲರು ಬಾಗಿಲು ತೆಗೆದು, ಬಾವಿಯಿಂದ ಮೇಲೆ ಬರುವ ಹಾಗೆ ಎರಡೂ ಕೈ ಊರಿ ಎದ್ದು ನಿಂತರು.

"ಮೇಸ್ತ್ರಿ, ಇದರ ಕ್ಲಚ್ ಪೆಡಲ್ಲು ಒತ್ತಿದ್ರೆ ಒಳಗೇ ಹೋಗಿ ಕೂತ್ಕೊಂಡ್ಬಿಡುತ್ತೆ ಕಣ್ರೀ. ವಾಪಸ್ ಬರೋದೇ ಇಲ್ಲ. ಕಾಲ್ಬೆರಳು ತೂರಿಸಿ ಮೇಲಕ್ಕೆತ್ತಬೇಕು."

ಕ್ಲಚ್ ಅಂದ ಕೂಡಲೇ ಮೂರೂ ಅಂಕಣಗಳಲ್ಲಿ ಸುತ್ತಿಗೆ ಸದ್ದು ನಿಂತಿತು. ಮೇಸ್ತ್ರಿ ಕುರ್ಚಿಯಿಂದ ಎದ್ದರು. ಮೊಣಕಾಲು ಕಟಕ್ ಅಂದದ್ದು ಮೂವರಿಗೂ ಕೇಳಿಸಿತು.

"ಯಾವಾಗ ಹಿಡ್ಕೊಳುತ್ತೆ ಸ್ವಾಮಿ?"

"ಯಾವಾಗ್ಲೂ. ಅಂದ್ರೆ, ಒಂದೊಂದ್ಸಲ."

"ನಿಧಾನಕ್ಕೆ ಹೋಗುವಾಗಲೋ, ಜೋರಾಗಿ ಹೋಗುವಾಗಲೋ?"

"ನಾನು ಯಾವಾಗ್ಲೂ ನಿಧಾನಕ್ಕೇ ಹೋಗೋದು."

ಮೇಸ್ತ್ರಿ ಬಗ್ಗಿ ಹಿಂದಿನ ಟೈರಿನ ಮೇಲೆ ಕೈಯಾಡಿಸಿದರು. ಅದು ಬೋಳು ತಲೆಯಷ್ಟು ನುಣ್ಣಗಿತ್ತು. "ಟೈರು ಬೇರೆ ಏನೋ ಹೇಳ್ತಿದೆಯಲ್ಲ ಸ್ವಾಮಿ. ಕೋರ್ಟಲ್ಲಿ ನೀವು ಸಾಕ್ಷಿಗಳಿಗೆ ಹೇಳೋ ಮಾತನ್ನೇ ನಾನು ನಿಮಗೆ ಹೇಳ್ತೀನಿ. ಇರೋದನ್ನ ಇದ್ದ ಹಾಗೆ ಹೇಳಿ."

ಜೀವಮಾನವೆಲ್ಲ ಬೇರೆಯವರ ಬಾಯಿ ಬಿಡಿಸಿದ್ದ ವಕೀಲರು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು. "ನಮ್ಮ ಮನೆಯವಳ ಕಿವಿಗೆ ಬೀಳಬಾರದು. ಹೆದ್ದಾರೀಲಿ ಯಾವನೋ ಒಬ್ಬ ಪಡ್ಡೆ ಹುಡುಗ ನನ್ನನ್ನ ದಾಟಿ ಹೋದ. ಹೋದದ್ದು ಹೋಗ್ಲಿ, ತಿರುಗಿ ನೋಡಿ ನಕ್ಕ ಕಣ್ರೀ! ನನಗೂ ರೋಷ ಬಂತು. ಇಂಜಿನ್ನು ಕಿರುಚೋ ತನಕ ತುಳಿದೆ. ಮೀಟರಿನ ಮುಳ್ಳು ಕೆಂಪು ಗೆರೆಗೆ ಹೋದಾಗ ಗೇರ್ ಹಾಕೋಣ ಅಂತ ಕ್ಲಚ್ ಒತ್ತಿದೆ ನೋಡಿ, ಅಲ್ಲೇ ಹಿಡ್ಕೊಂಡ್ತು. ಎದೆ ಬಾಯಿಗೆ ಬಂತು. ಪಕ್ಕಕ್ಕೆ ನಿಲ್ಸಿ, ಗಾಡಿ ತಣ್ಣಗಾದ ಮೇಲೆ ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗಿತ್ತು."

"ಬಿಸಿಯಾದ್ರೆ ಹಿಡ್ಕೊಳುತ್ತೆ, ತಣ್ಣಗಾದ್ರೆ ಬಿಡುತ್ತೆ" ಅಂತ ಮೇಸ್ತ್ರಿ ತಮ್ಮಷ್ಟಕ್ಕೆ ಅಂದುಕೊಂಡರು. ಸಂಜೆ ಬರುತ್ತೇನೆ, ಅಷ್ಟರೊಳಗೆ ಕಾರಣ ಸಿಗದಿದ್ದರೆ ಲಾರಿಗೆ ಹೇರಿ ಕಂಪನಿಗೇ ಕಳಿಸುತ್ತೇನೆ ಅಂತ ಹೇಳಿ ವಕೀಲರು ಹೋದರು.

ಅವರ ಬೆನ್ನು ಮರೆಯಾಗಿದ್ದೇ ತಡ, ಮೂವರು ಮಕ್ಕಳೂ ತಮ್ಮ ತಮ್ಮ ಗೆರೆಯ ಅಂಚಿಗೆ ಬಂದು ನಿಂತರು. ದಾಟಲಿಲ್ಲ.

"ಅಪ್ಪ, ನಿಮ್ಮ ಕೈಲಿ ಆಗಲ್ಲ" ಅಂದ ದೊಡ್ಡವನು. "ಕ್ಲಚ್ ಕೂತಿರೋದೇ ಇಂಜಿನ್ನಿನ ಬೆನ್ನ ಮೇಲೆ. ಪ್ಲೇಟಿನ ಸ್ಪ್ರಿಂಗ್ ಸತ್ತಿದೆ, ಅಷ್ಟೇ. ನ್ಯಾಯವಾಗಿ ನೋಡಿದ್ರೆ ಅದು ನನಗೇ ಬರಬೇಕಾಗಿತ್ತು."

"ಇಂಜಿನ್ನಿನ ಬೆನ್ನ ಮೇಲೆ ಕೂತ್ರೂ ಅದನ್ನ ದೂಡೋ ಕೈ ಗೇರ್‌ಬಾಕ್ಸಿನ ಒಳಗಿದೆ, ಹಾಗಂತ ಅವನಿಗೆ ಹೇಳಿ ಅಪ್ಪ" ಅಂದ ನಡುವಿನವನು. "ಗೇರ್‌ಬಾಕ್ಸ್ ಇಳಿಸದೆ ಏನೂ ಗೊತ್ತಾಗಲ್ಲ."

ಚಿಕ್ಕವನು ಹಲ್ಲು ಕಿರಿದ. "ಅದರಲ್ಲಿ ಹರಿಯೋ ಎಣ್ಣೆ ಬ್ರೇಕಿನ ಎಣ್ಣೆ. ಮೇಲಿರೋ ಡಬ್ಬಿಯೂ ಬ್ರೇಕಿಂದೇ. ಇಬ್ಬರಿಗೂ ಹೇಳಿ ಅಪ್ಪ."

ಮೇಸ್ತ್ರಿ ಮೂವರಿಗೂ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ದೊಡ್ಡವನು ಗಂಟಲು ಸರಿಮಾಡಿಕೊಂಡ. "ಒಂದು ಮಾತು ಅಪ್ಪ. ಸಂಜೆಯೊಳಗೆ ನೀವು ಕಂಡುಹಿಡಿದ್ರೆ ಸರಿ. ಇಲ್ದಿದ್ರೆ ಕ್ಲಚ್ ನಮಗೆ ಬಿಟ್ಟು ಆರಾಮಾಗಿ ಮನೇಲಿರಿ. ಕಾಲಿಗೂ ರೆಸ್ಟು." ಉಳಿದಿಬ್ಬರೂ ತಲೆಯಾಡಿಸಿದರು. ಮಕ್ಕಳು ಒಂದು ಮಾತಿಗೆ ಹೀಗೆ ಒಟ್ಟಿಗೆ ತಲೆಯಾಡಿಸಿದ್ದನ್ನು ಮೇಸ್ತ್ರಿ ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ನೋಡಬೇಕು ಅಂತ ಆಸೆಪಟ್ಟಿದ್ದು ಹೌದು, ಆದರೆ ಈ ಥರ ಅಲ್ಲ.

"ಸಂಜೆ ತನಕ ಯಾಕೋ, ಊಟದ ಹೊತ್ತಿಗೇ ಹೇಳ್ತೀನಿ ನೋಡ್ತಿರು!" ಅಂದರು.

ಮೊದಲು ಪೆಡಲ್ಲಿನ ಕೆಳಗಿನ ಕಾರ್ಪೆಟ್ಟು ಕಿತ್ತು ನೋಡಿದರು. ಅಡ್ಡ ಏನೂ ಸಿಕ್ಕಿಕೊಂಡಿರಲಿಲ್ಲ. ಪೆಡಲ್ಲಿನ ಪಿನ್ನಿಗೆ ಗ್ರೀಸು ಹಚ್ಚಿದರು, ಸ್ಪ್ರಿಂಗನ್ನು ಎಳೆದು ನೋಡಿದರು, ಗಟ್ಟಿಮುಟ್ಟಾಗಿತ್ತು. ಇಂಜಿನ್ನು ತಣ್ಣಗಿದ್ದುದರಿಂದ ಪೆಡಲ್ಲು ಕೈಯಲ್ಲಿ ಒತ್ತಿದರೆ ಒಳ್ಳೇ ಮಗುವಿನ ಹಾಗೆ ಮೇಲೆ ಬರುತ್ತಿತ್ತು. ಬಾನೆಟ್ ತೆಗೆದರು. ಎಣ್ಣೆಯ ಡಬ್ಬಿಯ ಮುಚ್ಚಳ ಚಿಕ್ಕವನ ಪಾಲಿಗೆ ಸೇರಿದ್ದು.

"ತೆಗೀಲೇನೋ?"

"ತೆಗೀರಿ. ಒಳಗೇನೂ ಹಾಕ್ಬೇಡಿ."

ಒಳಗೆ ಎಣ್ಣೆ ಜೇನುತುಪ್ಪದ ಹಾಗೆ ತಿಳಿಯಾಗಿತ್ತು. "ನೋಡ್ಕೊಳ್ಳಿ" ಅಂದ ಚಿಕ್ಕವನು ಎದೆ ಉಬ್ಬಿಸಿ. "ವರ್ಷ ವರ್ಷ ನಾಲ್ಕೂ ಚಕ್ರದಲ್ಲಿ ಹಳೇದನ್ನ ಇಳಿಸಿ ಹೊಸದು ತುಂಬ್ಸಿದ್ದೀನಿ. ಎಣ್ಣೆ ಮೇಲೆ ಯಾರೂ ಮಾತಾಡೋ ಹಾಗಿಲ್ಲ."

ಮೇಸ್ತ್ರಿ ಬಾನೆಟ್ ಮುಚ್ಚಿ, ಸ್ಟೂಲಿನ ಮೇಲೆ ಕೂತು ತಲೆ ಕೆರೆದುಕೊಂಡರು. ಎಣ್ಣೆ ಸರಿ, ಸ್ಪ್ರಿಂಗ್ ಸರಿ, ಪೆಡಲ್ ಸರಿ. ಮತ್ತೆ ಬಿಸಿಗೆ ಯಾಕೆ ಹಿಡಿಯಬೇಕು? ಗೋಡೆಯ ಗಡಿಯಾರ ಬೇಕಂತಲೇ ಜೋರಾಗಿ ಓಡುತ್ತಿತ್ತು. ದೊಡ್ಡವನು ಶಿಳ್ಳೆ ಹಾಕುತ್ತ ಕೆಲಸ ಮಾಡುತ್ತಿದ್ದ, ಅವನಿಗೆ ಶಿಳ್ಳೆ ಹಾಕಲು ಬರುತ್ತದೆ ಅನ್ನುವುದೇ ಮೇಸ್ತ್ರಿಗೆ ಗೊತ್ತಿರಲಿಲ್ಲ. ನಡುವಿನವನು ಆಗಾಗ ಅವರ ಕುರ್ಚಿಯ ಕಡೆ ನೋಡಿ, ಅದನ್ನು ತೆಗೆದರೆ ಅಲ್ಲಿ ಎಷ್ಟು ಜಾಗವಾಗುತ್ತದೆ ಅಂತ ಕಣ್ಣಲ್ಲೇ ಅಳೆಯುತ್ತಿದ್ದ.

ಆಗ ಮೇಸ್ತ್ರಿಗೆ ಚಿಕ್ಕವನ ಮಾತು ಮತ್ತೆ ನೆನಪಾಯಿತು. ನಾಲ್ಕೂ ಚಕ್ರದಲ್ಲಿ ಹಳೇದನ್ನ ಇಳಿಸಿ. ಸರಿ, ಚಕ್ರಗಳಲ್ಲಿ ಇಳಿಸಿದ. ಆದರೆ ಆ ಡಬ್ಬಿಯಿಂದ ಐದನೇ ಪೈಪು ಒಂದು ಹೊರಡುತ್ತದಲ್ಲ, ಸೈಲೆನ್ಸರ್ ಪೈಪಿನ ಪಕ್ಕದಲ್ಲೇ ಹಾದು ಕ್ಲಚ್ಚಿಗೆ ಹೋಗುವಂಥದ್ದು? ಅದರೊಳಗಿನ ಎಣ್ಣೆಯನ್ನು ಇಳಿಸಿದವರು ಯಾರು? ಚಿಕ್ಕವನು ಇಳಿಸಿರಲಿಕ್ಕಿಲ್ಲ, ಅದು ಅಪ್ಪನ ಪಾಲು. ಮೇಸ್ತ್ರಿ ತಾವು ಇಳಿಸಿದ್ದರೇ? ಇಲ್ಲ. ಎಣ್ಣೆ ಚಿಕ್ಕವನ ಪಾಲು, ವರ್ಷಾ ವರ್ಷಾ ಬದಲಾಯಿಸುತ್ತಾನಲ್ಲ ಅಂತ ಅವರು ಸುಮ್ಮನಿದ್ದರು. ಹೊಸ ಎಣ್ಣೆ ಡಬ್ಬಿಯಲ್ಲೇ ಕೂತಿತ್ತು. ಪೈಪಿನೊಳಗೆ ಕಾರು ಹುಟ್ಟಿದಾಗ ತುಂಬಿದ್ದ ಎಣ್ಣೆ ಕಾದು, ಕುದಿದು, ನೀರು ಹೀರಿಕೊಂಡು ಕೊಳೆಯುತ್ತಿತ್ತು. ವಕೀಲರು ರೋಷದಿಂದ ತುಳಿದಾಗ ಪೈಪು ಕಾದು, ಎಣ್ಣೆಯೊಳಗಿನ ನೀರು ಆವಿಯಾಗಿ, ಪೆಡಲ್ಲನ್ನು ಹಿಂದಕ್ಕೆ ದೂಡಲು ಒಳಗೆ ಕಸುವೇ ಉಳಿಯುತ್ತಿರಲಿಲ್ಲ.

ಮೇಸ್ತ್ರಿ ಟೀ ಅಂಗಡಿಯಲ್ಲಿ ಕೊಚ್ಚಿಕೊಂಡಿದ್ದ ನ್ಯಾಯ ತೀರ್ಮಾನವೇ ಆ ಪೈಪಿನೊಳಗೆ ಕೊಳೆತುಕೊಂಡು ಕೂತಿತ್ತು. ಲೋಕದಲ್ಲಿ ಇನ್ಯಾವ ಶೆಡ್ಡಿನಲ್ಲೂ ಇಂಥ ತಪ್ಪು ಆಗುವುದು ಸಾಧ್ಯವಿರಲಿಲ್ಲ.

ಆದರೆ ಊಹೆ ಸಾಲದು, ಎಣ್ಣೆ ಇಳಿಸಿ ನೋಡಬೇಕು. ಅದು ಇಬ್ಬರ ಕೆಲಸ. ಒಬ್ಬರು ಕಾರಿನಲ್ಲಿ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು, ರಿಪೇರಿಗೆಂದೇ ನೆಲದಲ್ಲಿ ತೋಡಿದ್ದ, ಕಾರಿನ ಕೆಳಗಿನ ಗುಂಡಿಗೆ ಇಳಿದು ಸಿಲಿಂಡರಿನ ತಿರುಪು ಸಡಿಲಿಸಿ, ಎಣ್ಣೆ ಚಿಮ್ಮಿದ ಕೂಡಲೇ ಬಿಗಿ ಮಾಡಬೇಕು. ಆಮೇಲೆ ಪೆಡಲ್ಲನ್ನು ಮೇಲೆತ್ತಬೇಕು, ಮತ್ತೆ ಒತ್ತಬೇಕು. ಎಡಗಾಲಿನ ಕೆಲಸ. ಮೇಸ್ತ್ರಿ ಮಕ್ಕಳನ್ನು ಕೇಳಿದರು.

"ಅಯ್ಯೋ, ಅದು ನನ್ನ ಗೆರೆಯಿಂದಾಚೆ ಅಪ್ಪ" ಅಂದ ದೊಡ್ಡವನು. "ಇವತ್ತು ನಾನು ಅಲ್ಲಿ ಕಾಲಿಟ್ರೆ ನಾಳೆ ಅವರು ನನ್ನ ಇಂಜಿನ್ ಮೇಲೆ ಕೈಯಿಡ್ತಾರೆ."

ನಡುವಿನವನು ಗುಂಡಿ ಬಳಸಿಕೊಳ್ಳಲು ಮಾತ್ರ ಒಪ್ಪಿದ, ಅದು ಅವನ ಅಂಕಣದಲ್ಲಿತ್ತು. ಕಾರನ್ನು ಅದರ ಮೇಲಕ್ಕೆ ಉರುಳಿಸಿ ನಿಲ್ಲಿಸಿದ್ದಾಯಿತು. ಚಿಕ್ಕವನಿಗೆ ಆಗಲೇ ಸರಿಯಾಗಿ ಒಂದು ಫೋನು ಬಂತು.

ಊಟದ ಡಬ್ಬಿ ಹಿಡಿದುಕೊಂಡು ಹೆಂಡತಿ ಬಂದಾಗ ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಕಾರಣ ಹೇಳಿದರು. ಆಕೆ ಡಬ್ಬಿಯನ್ನು ಬಾನೆಟ್ಟಿನ ಮೇಲೆ ಇಟ್ಟರು. ಐನೂರು ಕುದುರೆಗಳ ಮೇಲೆ ಊಟದ ಡಬ್ಬಿ!

"ಸಂಜೆಯೊಳಗೆ ಆಗಿಲ್ಲ ಅಂದ್ರೆ ನೀವು ಮನೇಲೇ ಇರ್ತೀರಾ? ದಿನಾ?"

"ದಿನಾ."

ಆಕೆ ಚಪ್ಪಲಿ ಬಿಚ್ಚಿದರು. "ಬಾಗಿಲು ತೆಗೀರಿ, ಎಲ್ಲಿ ಒತ್ತಬೇಕು ತೋರ್ಸಿ."

ಕಾರಿನೊಳಗೆ ಕೂರುವುದೇ ಒಂದು ಸಾಹಸವಾಯಿತು. "ಇದೇನ್ರೀ ಇದು, ಕಾರೋ ಹಳ್ಳವೋ? ಇಷ್ಟು ದುಡ್ಡು ಕೊಟ್ಟು ನೆಲದ ಮೇಲೆ ಕೂರೋದಾ?" ಅನ್ನುತ್ತ ಆಕೆ ಒಳಗೆ ಜಾರಿದರು. ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಗುಂಡಿಯ ಮೆಟ್ಟಿಲು ಇಳಿದರು.

"ಒತ್ತು!"

"ಒತ್ತಿದೆ."

"ಹಿಡ್ಕೋ. ಬಿಡ್ಬೇಡ. ಬಿಡ್ಬೇಡ ಅಂದ್ನಲ್ಲ!"

"ಬಿಟ್ಟಿಲ್ಲ ಕಣ್ರೀ, ಕಿರುಚ್ಬೇಡಿ. ಇಷ್ಟು ವರ್ಷ ಹಿಡ್ಕೊಂಡಿದ್ದೀನಿ, ಇದೊಂದು ಪೆಡಲ್ ಬಿಡ್ತೀನಾ?"

ಮೇಸ್ತ್ರಿ ತಿರುಪು ಸಡಿಲಿಸಿದರು. ಪುಸಕ್ಕೆಂದು ಎಣ್ಣೆ ಬಂತು. ಬಂದದ್ದು ಎಣ್ಣೆ ಅನ್ನುವ ಹಾಗೇ ಇರಲಿಲ್ಲ. ಇದ್ದಿಲು ಅರೆದು ಕಲಸಿದ ಹಾಗೆ ಕಪ್ಪಗೆ, ಸುಟ್ಟ ವಾಸನೆ ಬೇರೆ. ಮೇಸ್ತ್ರಿ ಅದನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿದರು. ಖುಷಿಯಿಂದ ಕುಣಿಯಬೇಕು ಅನ್ನಿಸಿತು, ನಾಚಿಕೆಯಿಂದ ಗುಂಡಿಯಲ್ಲೇ ಇದ್ದುಬಿಡಬೇಕು ಅಂತಲೂ ಅನ್ನಿಸಿತು.

"ಸಿಕ್ತು ಕಣೇ. ಆದ್ರೆ ಯಾಕೆ ಹೀಗಾಯ್ತು ಅಂತ ಹೇಳೋಕೆ ಹೋದ್ರೆ ನನ್ನ ಮರ್ಯಾದೆ ಹೋಗುತ್ತೆ. ಪಾಲು ಮಾಡಿದ್ದು ನಾನು."

"ಮರ್ಯಾದೆ ಹೋದ್ರೆ ಹೋಗ್ಲಿ, ನೀವು ಶೆಡ್ಡಲ್ಲೇ ಇರಿ" ಅಂದರು ಆಕೆ ಮೇಲಿನಿಂದ. "ಈಗ ಬಿಡ್ಲಾ? ಕಾಲು ಜೋಮು ಹಿಡೀತಿದೆ."

ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕಪ್ಪು ಹೋಗಿ ಕಂದು ಬಣ್ಣ ಬರುವಷ್ಟರಲ್ಲಿ ವಕೀಲರು ಸಂಜೆಗೂ ಮೊದಲೇ ಬಂದೇಬಿಟ್ಟರು. ತಮ್ಮ ಕಾರಿನೊಳಗಿಂದ ಒಬ್ಬ ಮುದುಕಿ ತಮ್ಮನ್ನೇ ದಿಟ್ಟಿಸುತ್ತಿರುವುದನ್ನು ನೋಡಿ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಮಕ್ಕಳು ಮೂವರೂ ಬಂದು ನಿಂತರು. ಮೇಸ್ತ್ರಿ ಗುಂಡಿಯಿಂದ ಹತ್ತಿ ಬಂದು ಲೋಟವನ್ನು ವಕೀಲರ ಮೂಗಿನ ಹತ್ತಿರ ಹಿಡಿದರು.

"ಇದು ನಿಮ್ಮ ರೋಗ. ಎಣ್ಣೆ ಹಾಳಾಗಿದೆ. ಬಿಸಿಯಾದ್ರೆ ಆವಿಯಾಗುತ್ತೆ, ಪೆಡಲ್ಲು ಬಿದ್ದುಹೋಗುತ್ತೆ. ಬದಲಾಯ್ಸಿದ್ರೆ ಸರಿಹೋಗುತ್ತೆ."

ದೊಡ್ಡವನ ಮುಖ ಇಳಿದುಹೋಯಿತು. ವಕೀಲರು ಮಾತ್ರ ಅಷ್ಟಕ್ಕೇ ಬಿಡುವವರಲ್ಲ. "ಎಣ್ಣೆ ನೀವು ಪ್ರತಿ ವರ್ಷ ಬದಲಾಯಿಸ್ತೀರಲ್ಲ ಮೇಸ್ತ್ರಿ? ದುಡ್ಡು ಕೊಟ್ಟಿದ್ದೀನಲ್ಲ? ಮತ್ತೆ ಇದು ಎಲ್ಲಿಂದ ಬಂತು? ಇರೋದನ್ನ ಇದ್ದ ಹಾಗೆ ಹೇಳಿ."

ಮೇಸ್ತ್ರಿ ಒಮ್ಮೆ ಮಕ್ಕಳನ್ನು ನೋಡಿದರು, ಒಮ್ಮೆ ನೆಲದ ಹಳದಿ ಗೆರೆಗಳನ್ನು ನೋಡಿದರು. ಆಮೇಲೆ ಎಲ್ಲವನ್ನೂ ಹೇಳಿದರು. ಡಬ್ಬಿ ಚಿಕ್ಕವನದು, ಪೈಪು ಅಪ್ಪನದು, ಅಪ್ಪ ಮಾಡುತ್ತಾರೆ ಅಂತ ಮಗ ಬಿಟ್ಟ, ಮಗ ಮಾಡುತ್ತಾನೆ ಅಂತ ಅಪ್ಪ ಬಿಟ್ಟರು. "ತಪ್ಪು ಚಿಕ್ಕವನದಲ್ಲ ಸ್ವಾಮಿ. ಪಾಲು ಮಾಡಿದ ನನ್ನದು. ಬೋಲ್ಟು ಬೋಲ್ಟು ಹಂಚಿದೆ. ಒಂದರೊಳಗಿಂದ ಇನ್ನೊಂದಕ್ಕೆ ಹರಿಯೋದು ಇರುತ್ತಲ್ಲ, ಅದು ನನಗೆ ಹೊಳೀಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ವಕೀಲರ ಮುಖದಲ್ಲಿ ಮಾತ್ರ ಸಂತೋಷ ಉಕ್ಕಿ ಬಂತು. "ಅದ್ಭುತ! ಇಂಥ ಪಾಲನ್ನ ನನ್ನ ಇಡೀ ಸರ್ವೀಸಲ್ಲಿ ನೋಡಿಲ್ಲ ಮೇಸ್ತ್ರಿ. ಇದು ಕೋರ್ಟಿಗೆ ಬಂದ್ರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ!" ಅಂತ ಮೂವರು ಮಕ್ಕಳನ್ನೂ ಬಹಳ ಪ್ರೀತಿಯಿಂದ ನೋಡಿದರು. ಆಮೇಲೆ ತಮ್ಮ ಕಾರು ನೆನಪಾಗಿ, "ಅದಿರಲಿ, ಇನ್ನು ಮುಂದೆ ನನ್ನ ಕ್ಲಚ್ಚಿಗೆ ಯಾರು ದಿಕ್ಕು? ಒಬ್ಬರ ಹೆಸರು ಹೇಳಿಬಿಡಿ" ಅಂದರು.

ಮೂವರೂ ಒಟ್ಟಿಗೇ ಬಾಯಿ ತೆಗೆದರು. ಇಂಜಿನ್ನಿನ ಬೆನ್ನು, ಗೇರ್‌ಬಾಕ್ಸಿನ ಕೈ, ಬ್ರೇಕಿನ ಎಣ್ಣೆ ಎಲ್ಲ ಮತ್ತೆ ಮೊದಲಿನಿಂದ ಶುರುವಾಯಿತು. ಅಪ್ಪನ ಕಾಲು ನೋಡಿ, ಅಮ್ಮನ್ನ ಕೂರಿಸಿ ಒತ್ತಿಸಿದ್ದಾರೆ, ಇದೇನು ಶೆಡ್ಡೋ ತಮಾಷೆಯೋ ಅಂತ ದೊಡ್ಡವನು ಸೇರಿಸಿದ.

ಮೇಸ್ತ್ರಿ ಕೈಯೆತ್ತಿದರು. ಅವರಿಗೇ ಗೊತ್ತಿಲ್ಲದೆ ಅವರ ಎದೆಯಲ್ಲಿ ಒಂದು ಆಸೆ ಮೂಡಿತ್ತು. "ಸರಿ. ಎಣ್ಣೆ ಇನ್ನೂ ಪೂರ್ತಿ ತಿಳಿಯಾಗಿಲ್ಲ, ಅರ್ಧ ಕೆಲಸ ಬಾಕಿ ಇದೆ. ನಿಮ್ಮಲ್ಲಿ ಯಾರು ಮುಗಿಸ್ತೀರೋ ಮುಗಿಸಿ. ಮುಗಿಸಿದವನಿಗೆ ಕ್ಲಚ್ಚು. ನಾನು ಈಗಲೇ ಮನೆಗೆ ಹೋಗ್ತೀನಿ."

ಹೆಂಡತಿ ಕಾರಿನಿಂದ ಹೊರಗೆ ಬಂದು, ಪಾದ ತಿಕ್ಕಿಕೊಳ್ಳುತ್ತ ಗಂಡನನ್ನು ದುರುಗುಟ್ಟಿ ನೋಡಿದರು.

ದೊಡ್ಡವನು ಎಲ್ಲರಿಗಿಂತ ಮೊದಲು ನುಗ್ಗಿ, ಸ್ಪ್ಯಾನರ್ ಕಿತ್ತುಕೊಂಡು ಗುಂಡಿಗೆ ಇಳಿದ. ಇಳಿದವನು ತಿರುಪಿಗೆ ಸ್ಪ್ಯಾನರ್ ಹಾಕಿ ನಿಂತ. ಮೇಲೆ ಡ್ರೈವರ್ ಸೀಟು ಖಾಲಿ. ಅದರ ಪಕ್ಕದಲ್ಲೇ, ತೆರೆದ ಬಾಗಿಲಿಗೆ ಒರಗಿಕೊಂಡು, ಎರಡೂ ಕಾಲು ಗಟ್ಟಿಯಾಗಿರುವ ಚಿಕ್ಕವನು ನಿಂತಿದ್ದ. ಒಂದು ಮಾತು ಕರೆದರೆ ಸಾಕಿತ್ತು. ಮೇಸ್ತ್ರಿ ಉಸಿರು ಬಿಗಿಹಿಡಿದರು. ಕರಿ ಮಗನೇ, ಕರಿ, ಅಂತ ಅವರ ಮನಸ್ಸು ಕೂಗುತ್ತಿತ್ತು. ಗುಂಡಿಯೊಳಗೆ ದೊಡ್ಡವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಅಮ್ಮಾ" ಅಂದ. "ಸ್ವಲ್ಪ ಬಂದು ಒತ್ತು."

ಆಕೆ ಕದಲಲಿಲ್ಲ. "ನಿನ್ನ ತಮ್ಮ ಇಲ್ಲೇ ನಿಂತಿದ್ದಾನಲ್ಲೋ. ಅವನಿಗೂ ಕಾಲಿದೆ. ಕರಿ."

ಚಿಕ್ಕವನು ಶೆಡ್ಡಿನ ತಗಡನ್ನು ಮೊದಲ ಸಲ ನೋಡುವವನ ಹಾಗೆ ತಲೆಯೆತ್ತಿ ನೋಡುತ್ತ ನಿಂತ. ಕೊನೆಗೆ ದೊಡ್ಡವನು ಮೇಲೆ ಬಂದು, ಕೈ ಒರೆಸಿಕೊಂಡು, "ನನಗೆ ಅಲ್ಲೊಂದು ಇಂಜಿನ್ ಬಿಚ್ಚಿಟ್ಟ ಹಾಗೇ ಇದೆ" ಅನ್ನುತ್ತ ತನ್ನ ಗೆರೆಯೊಳಗೆ ಹೋದ.

ನಡುವಿನವನು ಬುದ್ಧಿವಂತ. ಒಂದು ಕೋಲು ತಂದು, ಪೆಡಲ್ಲಿಗೂ ಸೀಟಿಗೂ ಮಧ್ಯೆ ಬಿಗಿಯಾಗಿ ಸಿಕ್ಕಿಸಿ, ಗುಂಡಿಗೆ ಓಡಿದ. ತಿರುಪು ಸಡಿಲಿಸಿದ. ಮೇಲೆ ಕೋಲು ಕಳಚಿ ಬಿತ್ತು. ಮೇಲಕ್ಕೆ ಓಡಿ ಬಂದ, ಪೆಡಲ್ಲು ಎತ್ತಿದ, ಕೋಲು ಸಿಕ್ಕಿಸಿದ, ಕೆಳಕ್ಕೆ ಓಡಿದ. ಪೈಪಿನೊಳಗೆ ಬುಳುಬುಳು ಗಾಳಿ ಸೇರಿಕೊಂಡದ್ದು ವಕೀಲರಿಗೂ ಕೇಳಿಸಿತು. ಬೆವರಿಳಿಸಿಕೊಂಡು ಮತ್ತೂ ಒಮ್ಮೆ ಓಡಿದ. ಬಾಯಿ ಬಿಟ್ಟು ಅಣ್ಣನನ್ನೋ ತಮ್ಮನನ್ನೋ ಕೂಗಲಿಲ್ಲ. ಸುಸ್ತಾಗಿ ಕೋಲನ್ನು ಮೂಲೆಗೆ ಎಸೆದು, ತನ್ನ ಕೆಲಸಕ್ಕೆ ಹೋದ.

ಚಿಕ್ಕವನು ಪ್ರಯತ್ನ ಕೂಡ ಮಾಡಲಿಲ್ಲ. "ಇದೆಲ್ಲ ಅಪ್ಪಂ ಪಾಲು, ಅಪ್ಪಂಗೇ ಇರ್ಲಿ ಬಿಡಿ" ಅಂದು ಧಾರಾಳವಾಗಿ ಬಿಟ್ಟುಕೊಟ್ಟು ಹೋದ.

ಸ್ವಲ್ಪ ಹೊತ್ತಿಗೆ ಮೂರೂ ಅಂಕಣಗಳಲ್ಲಿ ಮತ್ತೆ ಸುತ್ತಿಗೆ ಸದ್ದು ಶುರುವಾಯಿತು. ವಕೀಲರು ಮೇಸ್ತ್ರಿಯ ಕೈ ಕುಲುಕಿ, "ಹಾಗಾದ್ರೆ ನೀವೇ ಗೆದ್ರಿ. ಕೆಲಸ ಮುಗಿದ ಮೇಲೆ ಕರೀರಿ" ಅಂತ ಹೊರಗೆ ಹೋಗಿ ನಿಂತರು.

ಮೇಸ್ತ್ರಿ ಕಾರಿನ ಬಾಗಿಲು ಹಿಡಿದುಕೊಂಡು ಹಾಗೇ ನಿಂತಿದ್ದರು. ಹೆಂಡತಿ ಮತ್ತೆ ಒಳಗೆ ಜಾರಿ ಕೂತು, ಪೆಡಲ್ಲಿನ ಮೇಲೆ ಕಾಲಿಟ್ಟರು.

"ಕ್ಲಚ್ ಉಳೀತು, ಕುರ್ಚಿ ಉಳೀತು. ಇನ್ಯಾಕ್ರೀ ಮುಖ ಹಾಗೆ?"

"ಒಬ್ಬನಾದ್ರೂ ಇನ್ನೊಬ್ಬನ್ನ ಕರೀತಾನೆ ಅನ್ಕೊಂಡೆ ಕಣೇ. ಬಾರೋ, ಸ್ವಲ್ಪ ಒತ್ತೋ ಅಂತ. ಒಂದೇ ಒಂದ್ಸಲ. ಕರೆದಿದ್ರೆ ನಾನು ನಿಜವಾಗ್ಲೂ ಎದ್ದು ಮನೆಗೆ ಬರ್ತಿದ್ದೆ. ಸಂತೋಷವಾಗಿ ಬರ್ತಿದ್ದೆ."

ಆಕೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದರು. ದನಿಯಲ್ಲಿ ಕೊಂಕೇನೂ ಇರಲಿಲ್ಲ. "ಇಂಜಿನ್ನು ಒಬ್ಬನಿಗೆ, ಗೇರು ಒಬ್ಬನಿಗೆ, ಬ್ರೇಕು ಒಬ್ಬನಿಗೆ ಅಂತ ಕೊಟ್ರಿ. ಕರೆಯೋದನ್ನ ಯಾರ ಪಾಲಿಗೆ ಕೊಟ್ಟಿದ್ರಿ?"

ಮೇಸ್ತ್ರಿ ಒಂದೊಂದೇ ಮೆಟ್ಟಿಲು ಊರಿಕೊಂಡು ಗುಂಡಿಗೆ ಇಳಿದರು. ಕತ್ತಲಲ್ಲಿ ತಿರುಪು ಎಲ್ಲಿದೆ ಅಂತ ಕೈಗೆ ಗೊತ್ತಿತ್ತು, ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ, ನೀರು ತುಂಬಿಕೊಂಡಿತ್ತು. ತಿರುಪಿಗೆ ಸ್ಪ್ಯಾನರ್ ಹಾಕಿ, ಒತ್ತು ಅನ್ನಲು ಬಾಯಿ ತೆಗೆದರು. ಆಕೆ ಆಗಲೇ ಒತ್ತಿ ಹಿಡಿದಿದ್ದರು.